ಹದಿನಾಲ್ಕು ಮೌಸ್, ಒಂದು ಸ್ಟೀಲ್ ಸ್ಕೇಲ್

ನಮ್ಮೂರ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳಿವೆ. ಎಲ್ಲದರಲ್ಲೂ ಡೆಬಿಯನ್ ಲಿನಕ್ಸ್ ಹಾಕಿದ್ದೇವೆ. ತಿಂಗಳಿಗೆ ಎರಡು ಶನಿವಾರ ನಾನು ಬೆಂಗಳೂರಿನಿಂದ ಊರಿಗೆ ಹೋಗುತ್ತೇನೆ. ಆಗ ಅವುಗಳ ರಿಪೇರಿ, ಅಪ್‌ಡೇಟ್ ಎಲ್ಲ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್‌ಗಳು ಒಂದೇ ಮಾದರಿಯವು. ಮೌಸ್‌ಗಳು ಮಾತ್ರ ಹಾಗಲ್ಲ. ಹಾಳಾದಾಗಲೆಲ್ಲ ಒಂದೊಂದಾಗಿ ಬದಲಾಗಿವೆ. ಕೆಲವು ಎಸ್‌ಪಿ ರಸ್ತೆಯಲ್ಲಿ ಕೊಂಡಿದ್ದು, ಕೆಲವು ಯಾರೋ ಆಫೀಸಿನಿಂದ ತಂದುಕೊಟ್ಟಿದ್ದು, ಒಂದೆರಡು ನನ್ನ ಮನೆಯದ್ದೇ.

ಮೌಸ್‌ಗಳನ್ನು ಅಳೆಯುವ ಈ ಕೆಲಸ ಶುರುವಾಗಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಮಾತಿನಿಂದ. "ಅಣ್ಣಾ, ಒಂಬತ್ತನೇ ಕಂಪ್ಯೂಟರಲ್ಲಿ ಬಾಣ ಕೈಗೇ ಸಿಗಲ್ಲ, ಓಡಿಹೋಗುತ್ತೆ. ಅಲ್ಲಿ ನಾನು ಕೂರಲ್ಲ" ಅಂದಳು. ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬರೆಯುವಾಗ ಗೆರೆ ಎಲ್ಲಿಗೋ ಹೋಗುತ್ತಿತ್ತಂತೆ. ನಾನೂ ಕೂತು ನೋಡಿದೆ. ಹೌದು, ಕೈ ಒಂದಿಷ್ಟು ಅಲ್ಲಾಡಿದರೆ ಬಾಣ ಪರದೆಯ ಆ ತುದಿಗೆ ಹೋಗುತ್ತಿತ್ತು.

ಮೊದಲು ಕಂಪ್ಯೂಟರ್ ತಪ್ಪೋ ಮೌಸ್ ತಪ್ಪೋ ತಿಳಿಯಬೇಕಲ್ಲ. ನಾಲ್ಕನೇ ಕಂಪ್ಯೂಟರಿನ ಮೌಸ್ ಚೆನ್ನಾಗಿತ್ತು. ಅದನ್ನು ಒಂಬತ್ತಕ್ಕೆ, ಒಂಬತ್ತರದ್ದನ್ನು ನಾಲ್ಕಕ್ಕೆ ಹಾಕಿದೆ. ಓಟವೂ ಮೌಸ್ ಜೊತೆಗೇ ನಾಲ್ಕಕ್ಕೆ ಬಂತು. ಸೆಟ್ಟಿಂಗ್ಸ್‌ನಲ್ಲಿ ವೇಗ ಕಡಿಮೆ ಮಾಡಿ ಎದ್ದುಬರಬಹುದಿತ್ತು. ಆದರೆ ಆ ಕೋಣೆಯಲ್ಲಿ ಮೌಸ್‌ಗಳು ಜಾಗ ಬದಲಿಸುತ್ತಲೇ ಇರುತ್ತವೆ. ಇವತ್ತು ಹೊಂದಿಸಿದ ವೇಗ ನಾಳೆ ಬೇರೆ ಮೌಸ್‌ಗೆ ತಪ್ಪಾಗುತ್ತದೆ. ಮೌಸ್ ಎಂಥದ್ದು ಅಂತ ಲಿನಕ್ಸ್‌ಗೇ ಗೊತ್ತಿದ್ದರೆ ಈ ತಾಪತ್ರಯ ಇರಲ್ಲ. ಅದಕ್ಕೊಂದು ವ್ಯವಸ್ಥೆ ಆಗಲೇ ಇದೆ ಅನ್ನೋದು ನನಗೆ ಗೊತ್ತಿತ್ತು. ಅದರಲ್ಲಿ ಕೈ ಹಾಕಿರಲಿಲ್ಲ ಅಷ್ಟೆ.

ಮೌಸ್ ಹೊಟ್ಟೆಯ ಕೆಳಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಮೌಸ್ ಸರಿದಾಗ ಅದು "ಎಡಕ್ಕೆ ಐದು, ಕೆಳಕ್ಕೆ ಎರಡು" ಅಂತ ಬರೀ ಎಣಿಕೆ ಕಳಿಸುತ್ತದೆ. ಒಂದು ಇಂಚು ಸರಿದರೆ ಎಷ್ಟು ಎಣಿಕೆ ಬರುತ್ತದೋ ಅದೇ ಡಿಪಿಐ. ನನಗೆ ಬಹಳ ಕಾಲ ಗೊತ್ತಿಲ್ಲದ ವಿಷಯ ಇದು: ತನ್ನ ಡಿಪಿಐ ಎಷ್ಟು ಅಂತ ಮಾಮೂಲಿ ಮೌಸ್ ಕಂಪ್ಯೂಟರ್‌ಗೆ ಹೇಳುವುದೇ ಇಲ್ಲ. ತಯಾರಕರ ನಂಬರ್, ಮಾದರಿಯ ನಂಬರ್, ಒಂದು ಹೆಸರು ಇಷ್ಟು ಮಾತ್ರ ಹೇಳುತ್ತದೆ. ಹಾಗಾಗಿ ಲಿನಕ್ಸ್‌ನಲ್ಲಿ ಮೌಸ್, ಟಚ್‌ಪ್ಯಾಡ್ ನೋಡಿಕೊಳ್ಳುವ ಲಿಬ್‌ಇನ್‌ಪುಟ್, ಬೇರೆ ಮಾಹಿತಿ ಇಲ್ಲದಿದ್ದರೆ ಮೌಸ್ 1000 ಡಿಪಿಐ ಅಂತಲೇ ಎಣಿಸಿಕೊಳ್ಳುತ್ತದೆ. ನಿಜವಾಗಿ ಅದು 1600 ಆಗಿದ್ದರೆ ಬಾಣ ಒಂದೂವರೆ ಪಟ್ಟಿಗಿಂತ ಜಾಸ್ತಿ ಓಡುತ್ತದೆ. 800 ಆಗಿದ್ದರೆ ಎಳೆದುಕೊಂಡು ಹೋದ ಹಾಗಿರುತ್ತದೆ.

ಆ ಬೇರೆ ಮಾಹಿತಿ ಇರುವ ಜಾಗವೇ ಹಾರ್ಡ್‌ವೇರ್ ಡೇಟಾಬೇಸ್. ಲಿನಕ್ಸ್ ಶುರುವಾಗುವಾಗ ಎಲ್ಲವನ್ನೂ ಹೊಂದಿಸುವ ಸಿಸ್ಟಮ್‌ಡಿ ಜೊತೆ ಬರುತ್ತದೆ. ಮೌಸ್‌ಗಳಿಗಾಗಿಯೇ 70 ಅಂತ ನಂಬರ್ ಹೊತ್ತ ಒಂದು ಫೈಲ್ ಇದೆ. ಡೇಟಾಬೇಸ್ ಅಂದರೆ ಏನೋ ದೊಡ್ಡದು ಅನ್ನಿಸುತ್ತೆ, ಆದರೆ ಅದು ಸಾದಾ ಟೆಕ್ಸ್ಟ್ ಫೈಲ್, ಯಾರು ಬೇಕಾದರೂ ಓದಬಹುದು. ಒಂದು ಸಾಲಿನಲ್ಲಿ ಮೌಸ್‌ನ ಗುರುತು, ಅದರ ಕೆಳಗೆ ಡಿಪಿಐ ಎಷ್ಟು ಅನ್ನುವ ಸಾಲು. ಜಗತ್ತಿನ ಬೇರೆಬೇರೆ ಕಡೆ ಜನ ತಮ್ಮ ತಮ್ಮ ಮೇಜಿನ ಮೇಲೆ ಅಳೆದು ಸೇರಿಸಿದ ಸಾಲುಗಳು. ಅದನ್ನು ಮೊದಲ ಸಲ ಮೇಲಿಂದ ಕೆಳಗೆ ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು. ಪ್ರತಿ ಸಾಲಿನ ಹಿಂದೆ ಯಾರೋ ಒಬ್ಬರು ಸ್ಕೇಲ್ ಹಿಡಿದು ಕೂತಿದ್ದಾರೆ ಅಲ್ವಾ.

ಮೊದಲನೇ ಶನಿವಾರ ಬರೀ ಪಟ್ಟಿ ಮಾಡಿದೆ. ಪ್ರತಿ ಮೌಸ್‌ಗೂ ನಂಬರ್ ಚೀಟಿ ಅಂಟಿಸಿ, ಅದರ ಗುರುತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗುರುತು ತಿಳಿಯಲು ಇವಿಟೆಸ್ಟ್ ಎಂಬ ಸಣ್ಣ ಪ್ರೋಗ್ರಾಂ ಸಾಕು. ಆಮೇಲೆ ಸಿಸ್ಟಮ್‌ಡಿಯ ಡೇಟಾಬೇಸ್ ಕಮಾಂಡಿಗೆ ಕ್ವೆರಿ ಅಂತ ಕೊಟ್ಟು ಒಂದೊಂದೇ ಗುರುತು ಕೇಳಿದೆ. ಹದಿನಾಲ್ಕರಲ್ಲಿ ಆರು ಮೌಸ್‌ಗಳ ಸಾಲು ಆಗಲೇ ಇತ್ತು. ಎಲ್ಲವೂ ಹೆಸರಾಂತ ಕಂಪನಿಗಳವು. ಅವುಗಳಲ್ಲಿ ಒಂದು ಗೆಳೆಯನೊಬ್ಬ ಕೊಟ್ಟ ಲಾಜಿಟೆಕ್ ಎಂ570, ಹೆಬ್ಬೆರಳಿನಿಂದ ಗುಂಡು ಉರುಳಿಸುವ ಟ್ರ್ಯಾಕ್‌ಬಾಲ್. ಅದು ಡೇಟಾಬೇಸಿನಲ್ಲಿ ಎರಡು ಹೆಸರಿನಿಂದ ಇದೆ. ಹಳೆಯ ಕರ್ನೆಲ್‌ನಲ್ಲಿ (ಲಿನಕ್ಸ್‌ನ ತಿರುಳು) ಅದರ ಯುನಿಫೈಯಿಂಗ್ ರಿಸೀವರಿನ, ಅಂದರೆ ವೈರ್‌ಲೆಸ್ ಡಾಂಗಲ್‌ನ ಹೆಸರು ಕಾಣುತ್ತಿತ್ತು, ಹೊಸದರಲ್ಲಿ ಮೌಸ್‌ನದ್ದೇ ಹೆಸರು ಕಾಣುತ್ತದೆ. ಎರಡೂ ಕಡೆ ಕೆಲಸ ಮಾಡಲಿ ಅಂತ ಎರಡನ್ನೂ ಇಟ್ಟಿದ್ದಾರೆ. ಅದು ಟ್ರ್ಯಾಕ್‌ಬಾಲ್ ಅನ್ನುವುದನ್ನೂ ಬೇರೆ ಸಾಲಿನಲ್ಲಿ ಬರೆದಿದ್ದಾರೆ. ಇದರಲ್ಲಿ ನನಗೆ ಕೆಲಸವೇ ಉಳಿದಿರಲಿಲ್ಲ. ನೀವೂ ಮಾಡುವುದಿದ್ದರೆ ಮೊದಲು ಹುಡುಕಿ, ಆಮೇಲೆ ಅಳೆಯಿರಿ.

ಉಳಿದದ್ದು ಎಂಟು.

ಅಳೆಯುವ ಪ್ರೋಗ್ರಾಂ ಹೆಸರು ಮೌಸ್-ಡಿಪಿಐ-ಟೂಲ್. ಡೆಬಿಯನ್‌ನಲ್ಲಿ ಲಿಬ್‌ಇವ್‌ಡೆವ್ ಟೂಲ್ಸ್ ಪ್ಯಾಕೇಜಿನ ಜೊತೆ ಬರುತ್ತದೆ. ಅದನ್ನು ಓಡಿಸಿ, ಮೌಸ್ ಅನ್ನು ಅಡ್ಡಕ್ಕೆ ನೇರವಾಗಿ ಸರಿಸಬೇಕು. ಎಷ್ಟು ಎಣಿಕೆ ಬಂತು, ಸೆಕೆಂಡಿಗೆ ಎಷ್ಟು ಸಲ ಮಾಹಿತಿ ಬರುತ್ತಿದೆ ಅಂತ ತೋರಿಸುತ್ತದೆ. ಮೌಸ್ ಎಷ್ಟು ದೂರ ಸರಿಯಿತು ಅನ್ನೋದನ್ನು ಮಾತ್ರ ನಾವೇ ಸ್ಕೇಲಿನಲ್ಲಿ ನೋಡಬೇಕು. ಎಣಿಕೆಯನ್ನು ಇಂಚಿನಿಂದ ಭಾಗಿಸಿದರೆ ಮುಗೀತು.

ಮುಗೀತು ಅಂದುಕೊಂಡಿದ್ದೆ. ಎರಡನೇ ಶನಿವಾರ ಪೂರ್ತಿ ಅದಕ್ಕೇ ಹೋಯಿತು.

ಮೇಜಿನ ಅಂಚಿಗೆ ಒಂದು ಮರದ ಪಟ್ಟಿಯನ್ನು ಕ್ಲಾಂಪ್ ಹಾಕಿ ಬಿಗಿದೆ. ಮೌಸ್ ಅದಕ್ಕೆ ಒರಗಿಕೊಂಡು ಸರಿದರೆ ದಾರಿ ತಪ್ಪಲ್ಲ. ಪಟ್ಟಿಯ ಉದ್ದಕ್ಕೂ ಸ್ಟೀಲ್ ಸ್ಕೇಲ್ ಅಂಟಿಸಿದೆ. ಎರಡೂ ತುದಿಯಲ್ಲಿ ತಡೆಗೆ ಅಂತ ಒಂದೊಂದು ಮರದ ತುಂಡು, ನಡುವೆ 260 ಮಿಲಿಮೀಟರ್ ಜಾಗ. ಈ ತುಂಡಿನಿಂದ ಆ ತುಂಡಿನವರೆಗೆ ಮೌಸ್ ತಳ್ಳಿದೆ. 7,870 ಎಣಿಕೆ ಬಂತು. 260 ಮಿಲಿಮೀಟರ್ ಅಂದರೆ 10.24 ಇಂಚು. ಭಾಗಿಸಿದರೆ 769. ಅದೇ ಮಾದರಿಯ ಇನ್ನೂ ಎರಡು ಮೌಸ್ ಅಳೆದೆ. 7,905, 7,930. ಮೂರೂ 770ರ ಆಸುಪಾಸಿನಲ್ಲೇ. ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ.

ಊಟಕ್ಕೆ ಕೂತಾಗ ಅದು ಮನಸ್ಸಿಗೆ ಕೊರೆಯತೊಡಗಿತು. ಇಂಥ ಅಗ್ಗದ ಮೌಸ್‌ಗಳಲ್ಲಿ 800, 1000, 1200, 1600 ಹೀಗೆ ದುಂಡನೆಯ ಸಂಖ್ಯೆಗಳೇ ಹೆಚ್ಚು. 770 ಎಲ್ಲಿಂದ ಬಂತು? ವಾಪಸ್ ಬಂದು ಮೌಸ್ ಇಟ್ಟು ನೋಡಿದಾಗ ಕಣ್ಣಿಗೆ ಬಿತ್ತು. ತುಂಡುಗಳ ನಡುವೆ 260 ಇದೆ ನಿಜ, ಆದರೆ ಮೌಸ್‌ಗೂ ಅಗಲ ಇದೆಯಲ್ಲ. ಅದರ ಅಗಲ 60 ಮಿಲಿಮೀಟರ್. ಅಂದರೆ ಅದು ನಿಜವಾಗಿ ಸರಿದಿದ್ದು 200 ಮಾತ್ರ. 200 ಮಿಲಿಮೀಟರ್ ಅಂದರೆ 7.87 ಇಂಚು. 7,870 ಅನ್ನು ಅದರಿಂದ ಭಾಗಿಸಿದರೆ ಸರಿಯಾಗಿ 1000.

ಪ್ರತಿ ಮೌಸ್‌ನ ಅಗಲ ಬೇರೆಬೇರೆ. 58 ಇರುವುದೂ ಇದೆ, 65 ಇರುವುದೂ ಇದೆ. ಅದನ್ನೆಲ್ಲ ಕಳೆಯುತ್ತ ಕೂತರೆ ಮತ್ತೆ ತಪ್ಪಾಗುತ್ತದೆ. ತುಂಡುಗಳನ್ನೇ ತೆಗೆದುಹಾಕಿದೆ. ಅವುಗಳ ಬದಲು ಮೇಜಿನ ಮೇಲೆ ಬಿಳಿ ಹಾಳೆ ಅಂಟಿಸಿ, ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದೆ. ಎರಡರ ನಡುವೆ ಸರಿಯಾಗಿ 200 ಮಿಲಿಮೀಟರ್. ಮೌಸ್‌ನ ಎಡ ಅಂಚು ಮೊದಲ ಗೆರೆಯ ಮೇಲೆ ಶುರು, ಅದೇ ಎಡ ಅಂಚು ಎರಡನೇ ಗೆರೆಯ ಮೇಲೆ ನಿಲ್ಲಬೇಕು. ಆಗ ಅಗಲ ಎಷ್ಟಿದ್ದರೂ ಲೆಕ್ಕಕ್ಕೆ ಬರಲ್ಲ. ಈ ಒಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. ಅದಕ್ಕೇ ಇಲ್ಲಿ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ ಓರೆ. ಮೌಸ್ ಸರಿಯುವಾಗ ಹತ್ತು ಡಿಗ್ರಿ ವಾಲಿಕೊಂಡಿದ್ದರೆ ಅಡ್ಡದ ಎಣಿಕೆಯಲ್ಲಿ ಸುಮಾರು ಒಂದೂವರೆ ಶೇಕಡಾ ಕಡಿಮೆಯಾಗುತ್ತದೆ, ಆ ಭಾಗ ಉದ್ದದ ಕಡೆ ಹೋಗುತ್ತದೆ. ಹಿಂಭಾಗ ಗುಂಡಗಿರುವ ಮೌಸ್ ಮರದ ಪಟ್ಟಿಗೆ ಒರಗಿದರೂ ತಿರುಗಿಬಿಡುತ್ತದೆ. ಅಂಥದ್ದಕ್ಕೆ ನಮ್ಮ ಹುಡುಗಿ ಒಂದು ಉಪಾಯ ಹೇಳಿದಳು. ಜಾಮೆಟ್ರಿ ಬಾಕ್ಸಿನ ಚಪ್ಪಟೆ ಮುಚ್ಚಳಕ್ಕೆ ಮೌಸ್‌ನ ಹಿಂಭಾಗವನ್ನು ಎರಡು ಕಡೆ ಟೇಪಿನಿಂದ ಅಂಟಿಸಿ, ಮುಚ್ಚಳವನ್ನೇ ಪಟ್ಟಿಗೆ ಒರಗಿಸಿ ತಳ್ಳುವುದು. ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಅವಳೇ ಸ್ಕೇಲಿನ ಕಡೆ ಕೂತು "ಗೆರೆ ಮುಟ್ಟಿತು" ಅಂತ ಹೇಳುತ್ತ ಹೋದಳು, ನಾನು ತಳ್ಳುತ್ತ ಹೋದೆ. ಪ್ರತಿ ಮೌಸ್ ಐದೈದು ಸಲ.

ಹೀಗೆ ಸಿಕ್ಕ ಸಂಖ್ಯೆಗಳು ನೂರಕ್ಕೆ ನೂರು ದುಂಡಗಿರಲ್ಲ. 1003, 1007, 999 ಹೀಗೆ ಬರುತ್ತವೆ. ಸೆನ್ಸರಿನ ಲೆನ್ಸ್ ಮೇಜಿನಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೂ ಸ್ವಲ್ಪ ವ್ಯತ್ಯಾಸವಾಗುತ್ತದೆ. ಹತ್ತಿರದ ದುಂಡು ಸಂಖ್ಯೆ ಬರೆದರೆ ಸಾಕು. ಆದರೆ ಅಳೆಯದೆ ಬರೆಯಬಾರದು. ಒಂದು ಮೌಸ್‌ನ ಪೆಟ್ಟಿಗೆ ಇನ್ನೂ ಸ್ಟೋರ್ ರೂಮಿನಲ್ಲಿತ್ತು. ಅದರ ಮೇಲೆ ದೊಡ್ಡದಾಗಿ 1600 ಅಂತಿದೆ. ಐದು ಸಲ ಅಳೆದರೂ 200 ಮಿಲಿಮೀಟರಿಗೆ 9,430 ಎಣಿಕೆಯ ಹತ್ತಿರವೇ ಬಂತು. ಅಂದರೆ 1200. ಪೆಟ್ಟಿಗೆ ನೋಡಿ 1600 ಅಂತ ಬರೆದಿದ್ದರೆ ಲಿಬ್‌ಇನ್‌ಪುಟ್ ಅದನ್ನು ಇರಬೇಕಾದ್ದಕ್ಕಿಂತ ಜಾಸ್ತಿ ತಗ್ಗಿಸಿ, ಬಾಣ ಸೋಮಾರಿಯಾಗುತ್ತಿತ್ತು. ಅದೂ ಆ ಮೌಸ್ ಕೊಂಡ ಪ್ರತಿಯೊಬ್ಬರ ಮನೆಯಲ್ಲೂ.

ಅದೇ ಮೌಸ್‌ನ ಚಕ್ರವನ್ನೂ ಅಳೆದೆ. ಚಕ್ರದ ಮೇಲೆ ವೈಟ್ನರಿನಿಂದ ಒಂದು ಚುಕ್ಕಿ ಇಟ್ಟು, ಆ ಚುಕ್ಕಿ ಒಂದು ಸುತ್ತು ಹಾಕಿ ಬರುವವರೆಗೆ ಎಷ್ಟು ಟಕ್ ಟಕ್ ಅನ್ನುತ್ತದೆ ಅಂತ ಎಣಿಸುವುದು. ಬೇರೆ ಏನೂ ಬರೆದಿಲ್ಲದಿದ್ದರೆ ಒಂದು ಟಕ್‌ಗೆ 15 ಡಿಗ್ರಿ, ಅಂದರೆ ಸುತ್ತಿಗೆ 24 ಅಂತ ಲೆಕ್ಕ. ಇದರಲ್ಲಿ 18 ಬಂತು, ಅಂದರೆ 20 ಡಿಗ್ರಿ. ಕೋನವನ್ನು ಪೂರ್ಣ ಸಂಖ್ಯೆಯಲ್ಲೇ ಬರೆಯಬೇಕು. ಸುತ್ತಿಗೆ 14 ಟಕ್ ಇರುವ ಚಕ್ರವಾದರೆ 25.7 ಆಗುತ್ತದೆ, ಆಗ 26 ಅಂತ ಬರೆದು ಜೊತೆಗೆ 14 ಎಣಿಕೆ ಅಂತ ಇನ್ನೊಂದು ಸಾಲು ಸೇರಿಸುತ್ತಾರೆ.

ಡಿಪಿಐ ಬಟನ್ ಇರುವ ಮೌಸ್ ಒಂದೇ ಇತ್ತು. ಚಕ್ರದ ಹಿಂದೆ ಪುಟ್ಟ ಗುಂಡಿ, ಒತ್ತಿದರೆ ವೇಗ ಬದಲಾಗುತ್ತದೆ. ನಮ್ಮ ಮೌಸ್‌ನಲ್ಲಿ ಆ ಬದಲಾವಣೆ ಅದರ ಒಳಗೇ ಆಗುತ್ತದೆ, ಕಂಪ್ಯೂಟರ್‌ಗೆ ಸುಳಿವೇ ಸಿಗಲ್ಲ. ಗುಂಡಿಯಿಂದ ಸಿಗುವ ಮೂರೂ ಡಿಪಿಐ ಸಂಖ್ಯೆಗಳನ್ನು ಡೇಟಾಬೇಸಿನಲ್ಲಿ ಬರೆದು, ಮಾಮೂಲಿ ಯಾವುದೋ ಅದರ ಮುಂದೆ ನಕ್ಷತ್ರ ಹಾಕಬೇಕು. ಮಾಮೂಲಿ ಯಾವುದು ಅಂತ ತಿಳಿಯಲು ಕೇಬಲ್ ಬಿಚ್ಚಿ ಮತ್ತೆ ಹಾಕಿ, ಗುಂಡಿ ಮುಟ್ಟದೆ ಮೊದಲ ಅಳತೆ ತೆಗೆದೆ. 9,460. ಗುಂಡಿ ಒತ್ತಿದಾಗ 12,590, ಇನ್ನೊಮ್ಮೆ ಒತ್ತಿದಾಗ 6,310. ಅಂದರೆ 800, 1200, 1600, ನಕ್ಷತ್ರ 1200ಕ್ಕೆ. ಪ್ರತಿ ಸಂಖ್ಯೆಯ ಪಕ್ಕ ಸೆಕೆಂಡಿಗೆ ಎಷ್ಟು ಸಲ ಅನ್ನುವುದನ್ನೂ ಸೇರಿಸುತ್ತಾರೆ. ಇದು 1000 ಹರ್ಟ್ಜ್, ಉಳಿದವೆಲ್ಲ 125. ಇದನ್ನು ನೋಡುವಾಗ ಮೌಸ್ ಅನ್ನು ಜೋರಾಗಿ ಆಡಿಸಬೇಕು. ನಿಧಾನಕ್ಕೆ ಸರಿಸಿದರೆ ಕಳಿಸಲು ಹೊಸ ಎಣಿಕೆಯೇ ಇರಲ್ಲ, ಸಂಖ್ಯೆ ಕಡಿಮೆ ತೋರಿಸುತ್ತದೆ.

ಮೂರನೇ ಶನಿವಾರ ಫೈಲ್ ಬರೆಯುವ ಕೆಲಸ. ಮೂಲ ಫೈಲನ್ನು ಮುಟ್ಟಬಾರದು, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಬಿಡುತ್ತದೆ. ಇಟಿಸಿ ಫೋಲ್ಡರಿನ ಯುಡೆವ್ ಒಳಗೆ ಸ್ವಂತದ್ದೊಂದು ಫೈಲ್ ಮಾಡಬೇಕು. ಅದರ ಹೆಸರು 71ರಿಂದ ಶುರುವಾದರೆ 70ರ ನಂತರ ಓದಲಾಗುತ್ತದೆ, ನಮ್ಮ ಮಾತೇ ನಿಲ್ಲುತ್ತದೆ. ಗುರುತಿನ ಸಾಲಿನಲ್ಲಿ ಮೌಸ್, ಯುಎಸ್‌ಬಿ, ತಯಾರಕರ ಮತ್ತು ಮಾದರಿಯ ನಂಬರ್, ಹೆಸರು, ಇವುಗಳ ನಡುವೆ ಕೋಲನ್, ಕೊನೆಗೆ ಒಂದು ನಕ್ಷತ್ರ.

ಬರೆದೆ, ಡೇಟಾಬೇಸ್ ಅಪ್‌ಡೇಟ್ ಕಮಾಂಡ್ ಕೊಟ್ಟೆ. ಏನೂ ಬದಲಾಗಲಿಲ್ಲ. ಮೂರು ಕಡೆ ಎಡವಿದ್ದೆ. ಡಿಪಿಐ ಸಾಲಿನ ಮುಂದೆ ಒಂದು ಖಾಲಿ ಜಾಗ ಇರಲೇಬೇಕು, ನಾನು ಬಿಟ್ಟಿರಲಿಲ್ಲ. ಜಾಗ ಇಲ್ಲದಿದ್ದರೆ ಅದನ್ನೂ ಇನ್ನೊಂದು ಮೌಸ್‌ನ ಗುರುತು ಅಂತ ಓದಿಕೊಳ್ಳುತ್ತದೆ. ಎಚ್ಚರಿಕೆಯ ಸಾಲೊಂದು ಬಂದಿತ್ತು, ಅವಸರದಲ್ಲಿ ಓದಿರಲಿಲ್ಲ. ಎರಡನೆಯದು ನಂಬರ್. 093ಎ ಅನ್ನುವಾಗ ಎ ಅಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಿದ್ದೆ. ಕರ್ನೆಲ್ ಕೊಡುವುದು ಸಣ್ಣಕ್ಷರ, ಎರಡೂ ಹೊಂದಲ್ಲ. ಮೂರನೆಯದನ್ನು ಹುಡುಕಲು ಬಹಳ ಹೊತ್ತು ಬೇಕಾಯಿತು. ಒಂದು ಮೌಸ್‌ನ ಹೆಸರಿನ ಮುಂದೆ ಎರಡು ಖಾಲಿ ಜಾಗ ಇದ್ದವು. ಪರದೆಯ ಮೇಲೆ ನೋಡಿದರೆ ಕಾಣಲ್ಲ. ತಯಾರಿಸಿದವರು ಹಾಗೇ ಬರೆದುಬಿಟ್ಟಿದ್ದಾರೆ, ನಾವೂ ಹಾಗೇ ಬರೆಯಬೇಕು.

ಇದೆಲ್ಲ ಸರಿಮಾಡಿ, ಸಾಧನಗಳ ಮಾಹಿತಿಯನ್ನು ಮತ್ತೆ ಓದಿಸುವ ಯುಡೆವ್ ಟ್ರಿಗರ್ ಕಮಾಂಡ್ ಕೊಟ್ಟು ವಿವರ ಕೇಳಿದರೆ ಮೌಸ್ ಡಿಪಿಐ ಸಾಲು ಬಂದಿತ್ತು. ಆದರೂ ಬಾಣ ಮೊದಲಿನ ಹಾಗೇ ಓಡುತ್ತಿತ್ತು. ಲಿಬ್‌ಇನ್‌ಪುಟ್ ಈ ಮಾಹಿತಿಯನ್ನು ಓದುವುದು ಮೌಸ್ ಅನ್ನು ಮೊದಲು ಹಿಡಿದುಕೊಳ್ಳುವಾಗ. ಕೇಬಲ್ ಬಿಚ್ಚಿ ಹಾಕಿದೆ. ತಟ್ಟನೆ ಸರಿಹೋಯಿತು.

ಇನ್ನು ಒಂಬತ್ತರ ಮೌಸ್. ಅದು ಅಳತೆಯಲ್ಲಿ 1600 ಬಂತು. ನಾಲ್ಕರದ್ದು 1000. ಎರಡರ ಗುರುತು ನೋಡಿದರೆ ಒಂದೇ! 093ಎ, 2510, ಹೆಸರು ಕೂಡ ಅಕ್ಷರಶಃ ಒಂದೇ. 093ಎ ಅನ್ನುವುದು ತೈವಾನಿನ ಪಿಕ್ಸ್‌ಆರ್ಟ್ ಕಂಪನಿಯ ನಂಬರ್. ಅವರು ಸೆನ್ಸರ್ ಚಿಪ್ ಮಾಡುವವರು. ಅದನ್ನು ಕೊಂಡು ಮೌಸ್ ಮಾಡುವ ಎಷ್ಟೋ ಜನ ನಂಬರ್ ಬದಲಿಸದೆ ಹಾಗೇ ಮಾರುತ್ತಾರೆ. ಮೌಸ್ ಡೇಟಾಬೇಸಿಗೆ ತಿಳಿಯುವುದು ನಂಬರ್ ಮತ್ತು ಹೆಸರು ಮಾತ್ರ. ಇಲ್ಲಿ ಅದು ಎರಡನ್ನೂ ಬೇರೆ ಮಾಡಲಾರದು.

ಇದನ್ನು ಎಲ್ಲರೂ ಬಳಸುವ ಮೂಲ ಡೇಟಾಬೇಸಿಗೆ ಕಳಿಸಬಾರದು ಅಂತ ಆಗಲೇ ತೀರ್ಮಾನ ಮಾಡಿದೆ. ನಾನು 1600 ಅಂತ ಬರೆದರೆ ನನ್ನ ಒಂದು ಮೌಸ್ ಸರಿಹೋಗುತ್ತದೆ, ಅದೇ ನಂಬರ್ ಇರುವ ಬೇರೆ ಎಷ್ಟು ಮನೆಗಳಲ್ಲಿ ಕೆಡುತ್ತದೋ ಲೆಕ್ಕ ಇಲ್ಲ. ನಮ್ಮ ಕೋಣೆಗೆ ಮಾತ್ರ ಬೇರೆ ದಾರಿ ಹಿಡಿದೆ. ಒಂಬತ್ತನೇ ಕಂಪ್ಯೂಟರಿನ ಸ್ವಂತ ಫೈಲಿನಲ್ಲಿ 1600, ನಾಲ್ಕರಲ್ಲಿ 1000. ಆ ಎರಡು ಮೌಸ್‌ಗಳ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, ಇವು ಜಾಗ ಬದಲಿಸಬಾರದು ಅಂತ ಟೀಚರ್‌ಗೂ ಹೇಳಿದೆ. ವೈರ್‌ಲೆಸ್ ಮೌಸ್‌ನದ್ದೂ ಇದೇ ಕಥೆ. ಅದರ ಡಾಂಗಲ್‌ನ ಹೆಸರು ಬರೀ 2.4ಜಿ ಮೌಸ್. ಅಳತೆ 1000 ಇತ್ತು, ಬರೆಯದೆ ಬಿಟ್ಟೆ.

ಕಳಿಸಲು ಉಳಿದದ್ದು ಮೂರು ಮಾದರಿ. 1000ದ ಮೂರು ಮೌಸ್‌ಗಳಿಗೆ ಒಂದು ಸಾಲು, ಪೆಟ್ಟಿಗೆಯ ಮೇಲೆ ತಪ್ಪು ಸಂಖ್ಯೆ ಇದ್ದದ್ದು, ಡಿಪಿಐ ಬಟನ್‌ನದ್ದು. ಈ ಮೂರಕ್ಕೂ ತಯಾರಕರದ್ದೇ ನಂಬರ್, ಹೆಸರಿನಲ್ಲೂ ಕಂಪನಿ ಇದೆ. 1000 ಅಂತ ಬರೆದರೆ ಬಾಣದ ವೇಗ ಬದಲಾಗಲ್ಲ, ಲಿಬ್‌ಇನ್‌ಪುಟ್ ಹೇಗೂ ಅಷ್ಟೇ ಅಂದುಕೊಂಡಿರುತ್ತದೆ. ಆದರೂ ಬರೆದೆ. ಗೊತ್ತಿಲ್ಲದೆ 1000 ಅನ್ನುವುದಕ್ಕೂ ಯಾರೋ ಅಳೆದು 1000 ಅನ್ನುವುದಕ್ಕೂ ವ್ಯತ್ಯಾಸ ಇದೆ. ಮುಂದೆ ಇದೇ ಮೌಸ್ ಹಿಡಿದು ಹುಡುಕುವವರು ಮತ್ತೆ ಅಳೆಯಬೇಕಿಲ್ಲ.

ಸಿಸ್ಟಮ್‌ಡಿಯ ಮೂಲ ಫೈಲ್‌ಗಳಿರುವ ಗಿಟ್‌ಹಬ್ ಜಾಲತಾಣದಿಂದ ಪ್ರತಿ ತೆಗೆದುಕೊಂಡು, ಬ್ರ್ಯಾಂಡಿನ ಪ್ರಕಾರ ಸರಿಯಾದ ಜಾಗದಲ್ಲಿ ಸಾಲು ಸೇರಿಸಿದೆ. ಪ್ರತಿ ಸಾಲಿನ ಮೇಲೆ ಟಿಪ್ಪಣಿಯಲ್ಲಿ ಮೌಸ್ ತಳದ ಚೀಟಿಯ ಮೇಲಿರುವ ಮಾದರಿಯ ಹೆಸರು. ಫೈಲ್ ಬರೆದ ರೀತಿ ಸರಿಯಿದೆಯಾ ಅಂತ ನೋಡುವ ಒಂದು ಪೈಥಾನ್ ಸ್ಕ್ರಿಪ್ಟ್ ಅಲ್ಲೇ ಇದೆ. ಕಳಿಸುವ ಮೊದಲು ಅದನ್ನು ಓಡಿಸಿದರೆ ಖಾಲಿ ಜಾಗ, ಅಕ್ಷರದ ತಪ್ಪುಗಳು ಅಲ್ಲೇ ಸಿಗುತ್ತವೆ. ನನಗೆ ಒಂದು ಸಿಕ್ಕಿತು, ನಕ್ಷತ್ರವನ್ನು ಎರಡು ಸಂಖ್ಯೆಗೆ ಹಾಕಿದ್ದೆ. ಎಷ್ಟು ಮಿಲಿಮೀಟರ್, ಎಷ್ಟು ಸಲ, ಎಷ್ಟು ಎಣಿಕೆ ಅನ್ನುವುದನ್ನೆಲ್ಲ ಕಮಿಟ್, ಅಂದರೆ ಕಳಿಸುವ ಬದಲಾವಣೆಯ ಜೊತೆ ಬರೆದೆ.

ಅದೇ ಸಂಜೆ ಹುಡುಗಿ ಒಂಬತ್ತನೇ ಕಂಪ್ಯೂಟರಿನಲ್ಲಿ ಕೂತಳು. "ಹೇಗಿದೆಯಮ್ಮ?" ಅಂದೆ. ಉತ್ತರ ಕೊಡಲಿಲ್ಲ. ಟಕ್ಸ್ ಪೇಂಟ್ ತೆರೆದು ಒಂದು ಹೆಂಚಿನ ಮನೆ ಬರೆದಳು, ಅದಕ್ಕೆ ಬಾಗಿಲು, ಬಾಗಿಲಿಗೆ ಅಗುಳಿ. ಅಗುಳಿ ಬರೆಯುವಾಗ ಬಾಣ ಅಲ್ಲಾಡದೆ ನಿಂತಿತ್ತು.

ನನ್ನ ಸಾಲುಗಳು ಮೂಲದಲ್ಲಿ ಸೇರಿದರೂ ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬರಲು ಸಮಯ ಬೇಕು. ಅಲ್ಲಿಯವರೆಗೆ ಸ್ವಂತ ಫೈಲ್ ಎಲ್ಲ ಕಂಪ್ಯೂಟರ್‌ಗಳಲ್ಲೂ ಇರುತ್ತದೆ. ಬಂದ ಮೇಲೆ ಆ ಮೂರು ಮಾದರಿಯ ಸಾಲುಗಳನ್ನು ತೆಗೆಯಬೇಕು, ನಾಲ್ಕು ಮತ್ತು ಒಂಬತ್ತರದ್ದು ಮಾತ್ರ ಉಳಿಯುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇದನ್ನು ದಿನಾಂಕದ ಜೊತೆ ಬರೆದಿಟ್ಟಿದ್ದೇನೆ. ಮೇಜಿನ ಮೇಲಿನ ಬಿಳಿ ಹಾಳೆ, ಎರಡು ಪೆನ್ಸಿಲ್ ಗೆರೆ ಹಾಗೇ ಇವೆ. ಮುಂದಿನ ಸಲಕ್ಕೆ ಎಸ್‌ಪಿ ರಸ್ತೆಯಲ್ಲಿ ಕೊಂಡ ಎರಡು ಮೌಸ್ ಚೀಲದಲ್ಲಿವೆ.